ಪಾಳಾಕ್ಕೆ ಒಯ್ದ ತಿದ್ದುಪಡಿ

ಬೆಳಿಗ್ಗೆ ಏಳಕ್ಕೆ ಹಳಿಯಾಳ ಬಿಟ್ಟ ಕಲಘಟಗಿ ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ಪಡೆದವರು ನಾವು ನಾಲ್ಕೇ ಗಂಡಸರು. ಉಳಿದವರೆಲ್ಲ ಕೂಲಿಗೆ, ಸಂತೆಗೆ ಹೊರಟ ಹೆಂಗಸರು. ಅವರಿಗೆ ಪ್ರಯಾಣ ಉಚಿತ. ಡಿಸೆಂಬರಿನ ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ನಾನು ಹೊರಟದ್ದು ಮುಂಡಗೋಡ ತಾಲ್ಲೂಕಿನ ಪಾಳಾಕ್ಕೆ, ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕಾಣಲು.

ಆಕೆ ಜುಲಿಯಾನಾ, ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಕುಟುಂಬದವಳು. ಸುಮಾರು ಮೂವತ್ತು ವರ್ಷಗಳ ಹಿಂದೆ, ಹತ್ತನೆಯ ತರಗತಿಯಲ್ಲಿ ವಿಜ್ಞಾನ ಕಲಿಸುತ್ತ ನಾನು, ವಿಶ್ವ ಹಿಗ್ಗುತ್ತಿದೆ, ಆದರೆ ಹಿಗ್ಗುವ ವೇಗ ಕಡಿಮೆಯಾಗುತ್ತಿದೆ ಎಂದು ಹೇಳಿದ್ದೆ. "ಯಾರ ಅಳದ ನೋಡ್ಯಾರ್ರಿ ಸರ?" ಎಂದು ಜುಲಿಯಾನಾ ಕೇಳಿದಳು. ತರಗತಿ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳದೆ, ಗಂಟೆ ಹೊಡೆಯುವ ತನಕ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಕೆಲವೇ ವರ್ಷಗಳಲ್ಲಿ, ದೂರದ ನಕ್ಷತ್ರಸ್ಫೋಟಗಳನ್ನು ಅಳೆದ ವಿಜ್ಞಾನಿಗಳು ನಾನು ಹೇಳಿದ್ದು ತಪ್ಪೆಂದು ತೋರಿಸಿದರು. ಅದನ್ನು ಓದಿದ ದಿನ ಅವಳ ಮುಖ ಕಣ್ಣ ಮುಂದೆ ಬಂತು. ಅವಳೆಲ್ಲಿದ್ದಾಳೆಂದು ತಿಳಿದದ್ದು ಮಾತ್ರ ಕಳೆದ ತಿಂಗಳು, ಅವಳ ಅಣ್ಣ ಪೇಟೆಯಲ್ಲಿ ಸಿಕ್ಕಾಗ.

ಕಲಘಟಗಿಯಲ್ಲಿ ಬಸ್ಸು ಬದಲಿಸಿ ಮುಂಡಗೋಡ ಮುಟ್ಟುವಾಗ ಹತ್ತೂವರೆ. ಗಿರ್ಮಿಟ್ ತಿಂದು, ಚಹಾ ಕುಡಿದು ನಿಲ್ದಾಣದಲ್ಲಿ ಕೂತೆ. ಟಿಬೆಟನ್ ಭಿಕ್ಷುಗಳಿಬ್ಬರು ಬಾಳೆಹಣ್ಣಿನ ಗೊನೆಯೊಂದನ್ನು ಹಿಡಿದು ಹುಬ್ಬಳ್ಳಿ ಬಸ್ಸು ಹತ್ತಿದರು. ಅದೇ ಬಸ್ಸು ಹಿಡಿದು ಹಿಂದಿರುಗಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಪಾಳಾ ಬಸ್ಸು ಬಂತು.

ಪಾಳಾದಲ್ಲಿ ಇಳಿದಾಗ, ರಸ್ತೆ ಬದಿಯ ಕಣದಲ್ಲಿ ಜುಲಿಯಾನಾ ಇನ್ನೂ ಮೂವರ ಜೊತೆ ಗೋವಿನಜೋಳದ ತೆನೆ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಸರ, ಕೂಡ್ರಿ. ಹಾದಿ ತಪ್ಪಿ ಬಂದ್ರೇನು?"

ಬಂದ ಕಾರಣ ಹೇಳಿದೆ. ಅವಳು ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಸುಲಿದು ರಾಶಿಗೆ ಹಾಕಿದಳು.

"ಸುಳ್ಳ ಯಾಕ ಹೇಳ್ಲಿ ಸರ? ಆವತ್ತಿನಿಂದ ಸಾಲ್ಯಾಗ ಏನೂ ಕೇಳಲಿಲ್ಲ ನಾ. ಪಾಸಾದೆ, ಮುಂದ ಕಲೀಲಿಲ್ಲ."

"ತಪ್ಪಾತವ್ವಾ ನಂದು," ಎಂದೆ. ಅವಳು ಇನ್ನೊಂದು ತೆನೆ ಎತ್ತಿಕೊಂಡಳು. "ಈಗರೆ ಹೇಳ್ರಿ. ಹೆಂಗ ಅಳದ್ರು?" ಎಂದಳು.

ಒಂದು ಜಾತಿಯ ನಕ್ಷತ್ರಗಳು ಸಿಡಿದಾಗ ಹೆಚ್ಚುಕಡಿಮೆ ಒಂದೇ ಪ್ರಮಾಣದ ಬೆಳಕು ಕೊಡುತ್ತವೆ ಎಂದೆ. ಎಲ್ಲ ಮನೆಯಲ್ಲೂ ಒಂದೇ ಬಗೆಯ ಬಲ್ಬು ಇದ್ದರೆ, ಮಂದವಾಗಿ ಕಾಣುವುದೇ ದೂರದ ಮನೆ. ಬಹಳ ದೂರದ ಸ್ಫೋಟಗಳು ಲೆಕ್ಕ ಹಾಕಿದ್ದಕ್ಕಿಂತ ಮಂದವಾಗಿದ್ದವು, ಅಂದರೆ ಇನ್ನೂ ದೂರ ಹೋಗಿದ್ದವು. ಹಿಗ್ಗುವ ವೇಗ ಇಳಿಯುತ್ತಿಲ್ಲ, ಏರುತ್ತಿದೆ.

ಜುಲಿಯಾನಾ ಯೋಚಿಸಿದಳು. "ನಡುವ ಹೊಗಿ ಇದ್ರ, ಹತ್ತಿರದ ಬಲ್ಬೂ ಮಂದ ಕಾಣತೈತೆಲ್ರಿ?"

ವಿಜ್ಞಾನಿಗಳು ತಮ್ಮೊಳಗೇ ವಾದಿಸಿದ ಪ್ರಶ್ನೆ ಅದು. ಅವಳು ಅದಕ್ಕೆ ತೆಗೆದುಕೊಂಡದ್ದು ಎರಡು ತೆನೆ ಸುಲಿಯುವಷ್ಟು ಹೊತ್ತು. ಧೂಳು ಅಡ್ಡವಿದ್ದರೆ ಬೆಳಕು ಕೆಂಪೇರುತ್ತದೆ, ಅದಕ್ಕೇ ಬಣ್ಣವನ್ನೂ ಪರೀಕ್ಷಿಸಿದರು, ಬರೀ ಧೂಳಿನಿಂದ ಅಷ್ಟು ಮಂದವಾಗದು ಎಂದು ವಿವರಿಸಿದೆ. ಇಂಥ ಬುದ್ಧಿಯನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

"ಹಂಗಾರ ವಿಶ್ವಾನ ದೂಕೂದು ಏನ್ರಿ ಸರ?"

"ಹೆಸರೊಂದ ಇಟ್ಟಾರ. ಆದ್ರ ಅದು ಏನಂತ ಯಾರಿಗೂ ಗೊತ್ತಿಲ್ಲ."

"ಹೌದ್ರಿ?" ಎಂದು ಅವಳು ಮೊದಲ ಸಲ ನಕ್ಕಳು. "ಊಟಾ ಮಾಡೇ ಹೋಗ್ರಿ."

ಅನ್ನ, ಮೀನಿನ ಸಾರು ಉಂಡು ಮೂರರ ಬಸ್ಸು ಹತ್ತಿದೆ. ಹೊರಡುವಾಗ ಕಿಟಕಿಯಿಂದ ಕಣದ ಕಡೆ ತಿರುಗಿದೆ. ಜುಲಿಯಾನಾ ಎದ್ದು ನಿಂತು ಏನೋ ಹೇಳುತ್ತಿದ್ದಳು. ಮೊದಲು ಎರಡೂ ಅಂಗೈಗಳನ್ನು ಹತ್ತಿರ ಹಿಡಿದಳು, ಮೆಲ್ಲಗೆ ದೂರ ಸರಿಸಿದಳು, ಆಮೇಲೆ ತೋಳುಗಳನ್ನು ಜೋರಾಗಿ ಚಾಚಿದಳು. ಉಳಿದ ಮೂವರೂ ತೆನೆ ಸುಲಿಯುವುದನ್ನು ನಿಲ್ಲಿಸಿ ಅವಳ ಕೈಗಳನ್ನೇ ನೋಡುತ್ತಿದ್ದರು.