ಬಂಗಲೆಯಿಲ್ಲದ ಕಾದಂಬರಿ

ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವವಳನ್ನು ಎಲ್ಲರೂ ಸೂಜಿ ಅಕ್ಕ ಎಂದೇ ಕರೆಯುತ್ತಾರೆ. ಅವಳಿಗಿಂತ ಎಷ್ಟೋ ದೊಡ್ಡವರಾದ ನಮ್ಮ ಡಾಕ್ಟರರಿಗೂ ಅವಳು ಅಕ್ಕನೇ. ನಾನು ರಿಪೋರ್ಟ್ ಕೊಡುವ ಕೌಂಟರಿನವಳು. ನಮ್ಮಿಬ್ಬರ ನಡುವೆ ಇರುವುದು ಒಂದು ಗಾಜಿನ ಗೋಡೆ. ಹಾಗಾಗಿ ಅವಳ ಆಯುಸ್ಸಿನ ದೊಡ್ಡ ಪಾಲು ನನ್ನ ಕಣ್ಣೆದುರೇ ಕಳೆದಿದೆ. ಉಳಿದದ್ದನ್ನು ಅವಳ ಮನೆಯವರು ಹಾಳು ಮಾಡಿದರು. ಹೀಗೆ ಬರೆದರೆ ಅವಳು ಒಪ್ಪುವುದಿಲ್ಲ, ಗೊತ್ತು. ಆದರೆ ಬರೆಯುತ್ತಿರುವವಳು ನಾನು.

ಬೆಳಗಿನ ಹೊತ್ತು ನಮ್ಮಲ್ಲಿ ಖಾಲಿ ಹೊಟ್ಟೆಯವರ ಸಾಲು. ಹಸಿದವರ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಹಸಿದು ಮೂರು ಮಹಡಿ ಹತ್ತಿ ಬಂದವರದ್ದು ಅದಕ್ಕೂ ಒಂದು ಹೆಜ್ಜೆ ಮುಂದೆ. ಅವರನ್ನು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡಿಸಿ, ಸ್ಪಿರಿಟ್ ಹತ್ತಿಯಿಂದ ಒರೆಸಿ, ಸೂಜಿ ಕೈಗೆತ್ತಿಕೊಂಡು ಅವಳು ಒಂದು ಮಾತು ಕೇಳುತ್ತಾಳೆ: “ಚುಚ್ಚಲಾ?” ಎದುರಿನವರು ಹೂಂ ಎನ್ನುವವರೆಗೆ ಸೂಜಿ ಮುಂದೆ ಹೋಗುವುದಿಲ್ಲ. ಮಗುವಾದರೂ ಅಷ್ಟೆ, ಹಣ್ಣು ಹಣ್ಣು ಮುದುಕರಾದರೂ ಅಷ್ಟೆ. ರಕ್ತ ಕೊಡಲೆಂದೇ ಬಂದವರನ್ನು ಮತ್ತೆ ಕೇಳುವುದೇನು, ಸಾಲು ಬೆಳೆಯುತ್ತದೆ ಎಂದು ಡಾಕ್ಟರರು ಗೊಣಗಿದ್ದುಂಟು. ಒಮ್ಮೆ ದಪ್ಪ ಮೀಸೆಯ ಪೊಲೀಸಿನವನೊಬ್ಬ ಬೇಡ ಎಂದು ಎದ್ದೇ ಹೋದ. ಅವಳು ಪಟ್ಟಿ ಬಿಚ್ಚಿ ಕಳಿಸಿದಳು. ಮಾರನೆಯ ದಿನ ಅವನು ತಾನಾಗಿ ಬಂದು ತೋಳು ಚಾಚಿದ.

ಯಾಕೆ ಹೀಗೆ ಕೇಳುತ್ತಾಳೆಂದು ನನಗೆ ಅರ್ಥವಾದದ್ದು ಅವಳ ಮನೆಯ ಕಥೆ ತಿಳಿದ ಮೇಲೆ. ಅಲ್ಲಿ ಅವಳನ್ನು ಯಾರೂ ಯಾವುದಕ್ಕೂ ಕೇಳುತ್ತಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಣ್ಣನೇ ಯಜಮಾನ. ಅವನ ಪಾತ್ರೆ ಅಂಗಡಿ ಮುಚ್ಚಿತು. ಆಮೇಲೆ ಬೇರೆ ಕೆಲಸವಿಲ್ಲದೆ ಯಜಮಾನಿಕೆಯೊಂದನ್ನೇ ಮಾಡಿಕೊಂಡಿದ್ದ. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ. ಇವಳಿಗೆ ಬಂದ ಸಂಬಂಧಗಳನ್ನು, ಒಬ್ಬನಿಗೆ ಕೆಲಸ ಸರಿಯಿಲ್ಲ, ಇನ್ನೊಬ್ಬನ ತಾಯಿ ಬಾಯಿಬಡುಕಿ ಎಂದು ಅವನೇ ವಾಪಸ್ ಕಳಿಸಿದ. ಇವಳಿಗೆ ಸುದ್ದಿ ಮುಟ್ಟುತ್ತಿದ್ದದ್ದು ಅತ್ತಿಗೆ ತಟ್ಟೆ ತೊಳೆಯುತ್ತ ಆಡಿದ ಮಾತಿನಿಂದ. ಅಣ್ಣನ ಮಗನಿಗೆ ಓದಲು ಜಾಗ ಬೇಕೆಂದು ಒಂದು ದಿನ ಅವಳ ಕೋಣೆಯೂ ಹೋಯಿತು. ಕೆಲಸ ಮುಗಿಸಿ ಬಂದು ನೋಡಿದರೆ ಮಂಚ ಅಡುಗೆಮನೆ ಪಕ್ಕದ ಸಾಮಾನು ಕೋಣೆಯಲ್ಲಿತ್ತು, ಕೆಟ್ಟ ಫ್ಯಾನು ಮತ್ತು ಖಾಲಿ ಡಬ್ಬಗಳ ನಡುವೆ. ಅವಳು ಡಬ್ಬಗಳನ್ನು ಸರಿಸಿ ಮಲಗಿದಳು. ನಾನಾಗಿದ್ದರೆ ಡಬ್ಬಗಳನ್ನು ಯಾರ ತಲೆಯ ಮೇಲೆ ಹಾಕುತ್ತಿದ್ದೆನೋ ಹೇಳಲಾರೆ.

ಅಂಥವಳು ಕಾದಂಬರಿ ಬರೆದಳು. ಅದೂ ರಕ್ತಪಿಶಾಚಿಯ ಪ್ರೇಮಕಥೆ. ಸಾಲು ಕರಗಿ, ಟ್ಯೂಬುಗಳೆಲ್ಲ ಮೆಷಿನ್ನಿಗೆ ಹೋದ ಮೇಲೆ, ಚಹಾದ ಲೋಟ ಪಕ್ಕಕ್ಕಿಟ್ಟುಕೊಂಡು ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಬರೆಯುತ್ತಿದ್ದಳು. ಬರೆದಷ್ಟನ್ನು ನನಗೆ ಓದಿ ಹೇಳುತ್ತಿದ್ದಳು. ಹೆಸರು ‘ರಾತ್ರಿ ಪಾಳಿ’. ನಮ್ಮದರಂಥದ್ದೇ ಒಂದು ಲ್ಯಾಬು, ಅಲ್ಲಿ ರಾತ್ರಿ ಪಾಳಿಯಲ್ಲಿ ರಕ್ತ ತೆಗೆಯುವ ಹೆಂಗಸು. ನಾಡಿಯೇ ಸಿಗದ ಗಂಡಸೊಬ್ಬ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಅವನಿಗೆ ನೂರಾರು ವರ್ಷ ವಯಸ್ಸು, ಕೋರೆಹಲ್ಲು ಬೇರೆ. ಆದರೆ ಪ್ರತಿ ಸಲವೂ ಕೊಡ್ತೀಯಾ ಎಂದು ಕೇಳುತ್ತಾನೆ. ಅವಳು ಇವತ್ತು ಬೇಡ ಎಂದರೆ ಬಾಯಾರಿಕೊಂಡೇ ಮೆಟ್ಟಿಲಿಳಿದು ಹೋಗುತ್ತಾನೆ. ಕುತ್ತಿಗೆಯ ತಂಟೆಗೆ ಹೋಗುವವನಲ್ಲ. ತೋಳಿಗೆ ಪಟ್ಟಿ ಕಟ್ಟಿ, ಮೊಣಕೈಯ ಒಳಮಗ್ಗುಲಿನಿಂದ ಕುಡಿದು, ಆಮೇಲೆ ಹತ್ತಿ ಒತ್ತಿ ಹಿಡಿದು ಕೂರುತ್ತಾನೆ. ನಾನು ಮೊದಮೊದಲು ಬಿದ್ದು ಬಿದ್ದು ನಕ್ಕೆ. ನಾಲ್ಕೈದು ಅಧ್ಯಾಯ ಆಗುವಷ್ಟರಲ್ಲಿ, ಮನೆಯಲ್ಲಿ ಕೋರೆಹಲ್ಲಿಲ್ಲದ ನನ್ನ ಗಂಡನನ್ನು ನೋಡಿದರೆ ಯಾಕೋ ಬೇಜಾರಾಗತೊಡಗಿತು.

ಸಣ್ಣ ಪ್ರಕಾಶಕನೊಬ್ಬ ಅದನ್ನು ಅಚ್ಚು ಹಾಕಿ ತನ್ನ ವೆಬ್‌ಸೈಟಿನಲ್ಲಿ ಮಾರಾಟಕ್ಕಿಟ್ಟ. ಪುಸ್ತಕದ ಕೆಳಗೆ ಓದುಗರು ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯಬಹುದಿತ್ತು. ಓದುಗರು ಮೆಚ್ಚಿದರೆ ಎರಡನೇ ಭಾಗವನ್ನೂ ತರುತ್ತೇನೆಂದು ಮಾತು ಕೊಟ್ಟಿದ್ದ. ಆ ಎರಡನೇ ಭಾಗ ಆಗಲೇ ಬರೆದು ಮುಗಿದಿತ್ತು. ಮುಖಪುಟಕ್ಕೆ ಅವನು ಎಲ್ಲಿಂದಲೋ ಒಂದು ಚಿತ್ರ ತಂದು ಹಾಕಿದ: ಹುಣ್ಣಿಮೆ ಚಂದ್ರ, ಬೆಟ್ಟದ ಮೇಲೆ ಪಾಳು ಬಂಗಲೆ, ಬಾಲ್ಕನಿಯಲ್ಲಿ ಬಿಳಿ ಗೌನಿನ ಹುಡುಗಿ. ನನ್ನ ಕಥೆಯಲ್ಲಿ ಬೆಟ್ಟವೂ ಇಲ್ಲ ಬಂಗಲೆಯೂ ಇಲ್ಲ ಎಂದು ಇವಳು ಹೇಳಿ ನೋಡಿದಳು. ಬಂಗಲೆ ಇಲ್ಲದಿದ್ದರೆ ಇಂಥ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ ಎಂದು ಅವನು ಬಾಯಿ ಮುಚ್ಚಿಸಿದ.

ಮೊದಲ ಪ್ರತಿಯನ್ನು ಅವಳು ಅಣ್ಣನ ಕೈಗೆ ಕೊಟ್ಟಳು. ಅವನು ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಹಾಲಿನ ಶೋಕೇಸಿನಲ್ಲಿ, ಮಗ ಹಾಡಿ ಗೆದ್ದ ಕಪ್ಪುಗಳ ಪಕ್ಕ ನಿಲ್ಲಿಸಿದ. ಬಂದವರಿಗೆಲ್ಲ ಗಾಜಿನಾಚೆಯಿಂದಲೇ ತೋರಿಸಿದ. ಅವಳಿಗೆ ಬೇಕಿದ್ದದ್ದು ಅದಲ್ಲ. ಒಂದು ದಿನ ಚಹಾ ಕುಡಿಯುತ್ತ ನನ್ನ ಹತ್ತಿರ ಬಾಯಿಬಿಟ್ಟಳು.

“ಎರಡನೇ ಭಾಗ ಬರದೇ ಇದ್ರೂ ಪರವಾಗಿಲ್ಲ ಕಣೆ. ಮನೇಲಿ ಒಬ್ಬರಾದ್ರೂ ಓದಲಿ. ಅಣ್ಣ ಓದಿದ್ರೆ ಸಾಕು.”

ಅಭಿಪ್ರಾಯಗಳು ಒಂದೊಂದಾಗಿ ಬರತೊಡಗಿದವು. ಮೊಣಕೈ ಕಚ್ಚುವ ಪಿಶಾಚಿಯನ್ನು ಇದೇ ಮೊದಲು ನೋಡಿದ್ದು, ಪಾಪ, ಕುತ್ತಿಗೆ ಎಟುಕುವುದಿಲ್ಲವೇನೋ ಎಂದು ಒಬ್ಬಳು ಬರೆದಳು. ಕೊಡ್ತೀಯಾ ಕೊಡ್ತೀಯಾ ಎಂದು ಕೇಳಿಯೇ ನಾಯಕ ಅರ್ಧ ಪುಸ್ತಕ ಮುಗಿಸಿದ ಎಂದು ಇನ್ನೊಬ್ಬ. ಮುತ್ತು ಕಮ್ಮಿ, ಹತ್ತಿ ಜಾಸ್ತಿ ಎಂದು ಮತ್ತೊಬ್ಬಳು. ನಾಲ್ಕು ನಕ್ಷತ್ರ ಕೊಟ್ಟವರೂ ಇದ್ದರು, ಎರಡನೇ ಭಾಗ ಯಾವಾಗ ಎಂದು ಕೇಳಿದವರೂ ಇದ್ದರು. ನಿದ್ದೆಗೇಡಿ ಎಂದು ಹೆಸರಿಟ್ಟುಕೊಂಡ ಒಬ್ಬರು ಎರಡೇ ನಕ್ಷತ್ರ ಕೊಟ್ಟು ಉದ್ದಕ್ಕೆ ಬರೆದಿದ್ದರು. ನಾಯಕಿಗೆ ಬುದ್ಧಿ ಸಾಲದು, ನಡುವಿನ ಭಾಗ ಬರೀ ಎಳೆತ, ಹಗಲಿಡೀ ಅವನು ಎಲ್ಲಿರುತ್ತಾನೆಂದೇ ಹೇಳಿಲ್ಲ. ಆದರೂ ಅವಳು ಮೊದಲ ಸಲ ಬೇಡ ಎಂದಾಗ ಅವನು ಎದ್ದು ಹೋದನಲ್ಲ, ಆ ಪುಟವನ್ನು ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದೆ ಎಂದಿತ್ತು ಕೊನೆಗೆ. ಸೂಜಿ ಅಕ್ಕ ಅದನ್ನು ಬೈಗುಳದ ಸಮೇತ ನನಗೆ ಮತ್ತೆ ಮತ್ತೆ ಓದಿ ಹೇಳಿದಳು. ಬೈಯುವುದಕ್ಕಾದರೂ ಪೂರ್ತಿ ಓದಿದ್ದಾರೆ ನೋಡು ಎಂದಳು.

ಆಮೇಲೊಂದು ಮಧ್ಯಾಹ್ನ ಐದು ನಕ್ಷತ್ರದ್ದೊಂದು ಕಾಣಿಸಿತು. ‘ಮನೆಮಂದಿಯೆಲ್ಲ ಕೂತು ಓದಬಹುದಾದ ಸದಭಿರುಚಿಯ ಕಾದಂಬರಿ. ಲೇಖಕಿಗೆ ಉಜ್ವಲ ಭವಿಷ್ಯವಿದೆ.’ ನನಗೆ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ, ಮುಖ ಕೆಂಪಾಯಿತು. ಸದಭಿರುಚಿ ಎನ್ನುವುದು ಅಣ್ಣನ ಮಾತಂತೆ. ಟಿವಿಯಲ್ಲಿ ಏನೇ ಬಂದರೂ ಸದಭಿರುಚಿ ಇಲ್ಲ ಎಂದು ಚಾನೆಲ್ ಬದಲಿಸುತ್ತಾನಂತೆ. ಅಂದರೆ ಅಣ್ಣ ಓದಿದ್ದಾನೆ, ಎದುರಿಗೆ ಹೇಳಲು ಸಂಕೋಚಪಟ್ಟು ಇಲ್ಲಿ ಬರೆದಿದ್ದಾನೆ. ಆ ಸಂಜೆ ಅವಳು ಮೆಟ್ಟಿಲಿಳಿದ ರೀತಿ ನೋಡಿದ್ದರೆ ಹದಿನೆಂಟರ ಹುಡುಗಿ ಎನ್ನಬೇಕಿತ್ತು.

ಮನೆಗೆ ಹೋದವಳೇ ಚಹಾ ಮಾಡಿ ಅಣ್ಣನಿಗೆ ಕೊಟ್ಟು, ಪುಸ್ತಕದಲ್ಲಿ ಯಾವ ಭಾಗ ಇಷ್ಟವಾಯಿತು ಎಂದು ಕೇಳಿದಳು. ಅವನು ಪೇಪರಿನಿಂದ ತಲೆಯೆತ್ತಲಿಲ್ಲ.

“ಆ ಬಂಗಲೆ ಚೆನ್ನಾಗಿದೆ. ಹಳೇ ಕಾಲದ್ದು.”

ಲೋಟ ಖಾಲಿಯಾಗುವವರೆಗೆ ನಿಂತಿದ್ದು, ತೆಗೆದುಕೊಂಡು ಒಳಗೆ ಹೋದಳಂತೆ. ಮರುದಿನ ಇದನ್ನು ನನಗೆ ಹೇಳುವಾಗ ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗಿ ಬಂತು.

ಆ ಮನೆಯಲ್ಲಿ ಯಾವ ಕೆಲಸವನ್ನಾದರೂ ತಲೆಗಿಷ್ಟೆಂದು ಹಂಚುವುದು ರೂಢಿ. ಮಗ ಟಿವಿಯ ಹಾಡಿನ ಸ್ಪರ್ಧೆಗೆ ಹೋದಾಗ ಬಂಧುಬಳಗದ ಫೋನುಗಳೆಲ್ಲ ಸೇರಿ ವೋಟು ಹಾಕಿ ಗೆಲ್ಲಿಸಿದ್ದವು. ಈಗಲೂ ಅಣ್ಣ ಅದೇ ವಿದ್ಯೆ ಹೂಡಿದ್ದ. ತಾನೊಂದು ಮಾದರಿ ಬರೆದು ಎಲ್ಲರಿಗೂ ಕಳಿಸಿದ, ಸ್ವಲ್ಪ ಬದಲಿಸಿ ಹಾಕಿ ಎಂದ. ಪುಸ್ತಕ ತೆರೆದವರು ಒಬ್ಬರೂ ಇಲ್ಲದ್ದರಿಂದ ಎಲ್ಲರೂ ಮುಖಪುಟ ನೋಡಿ ಬದಲಿಸಿದರು. ಬಾಲ್ಕನಿಯ ದೃಶ್ಯದಲ್ಲಿ ಕಣ್ಣೀರು ತಡೆಯಲಾಗಲಿಲ್ಲ ಎಂದು ಅತ್ತಿಗೆ, ಬೆಟ್ಟದ ಸೀನ್ ಸೂಪರ್ ಎಂದು ಮಗ, ಹುಣ್ಣಿಮೆಯ ವರ್ಣನೆಗೆ ಸಾಟಿಯಿಲ್ಲ ಎಂದು ಅಣ್ಣನ ಷಡ್ಡಕ. ಬಂಗಲೆಯನ್ನಂತೂ ಯಾರೂ ಬಿಡಲಿಲ್ಲ. ಪುಸ್ತಕ ಬರೆದವಳನ್ನು ಒಂದು ಮಾತು ಕೇಳಬೇಕೆಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ.

ನಿಜವಾಗಿ ಓದಿದವರು ಸುಮ್ಮನಿರುತ್ತಾರೆಯೇ? ಬಂಗಲೆ ಯಾವ ಪುಟದಲ್ಲಿದೆ ಸ್ವಾಮಿ, ನಾನು ಎರಡು ಸಲ ಓದಿದರೂ ಸಿಗಲಿಲ್ಲವಲ್ಲ ಎಂದು ಮೊದಲು ಕೇಳಿದ್ದು ನಿದ್ದೆಗೇಡಿಯೇ. ಉಳಿದವರು ಮುಗಿಬಿದ್ದರು. ಮನೆಮಂದಿಯೆಲ್ಲ ಕೂತು ಮೊಣಕೈ ಕಚ್ಚಿಸಿಕೊಳ್ಳುವ ಆ ಆದರ್ಶ ಕುಟುಂಬ ಯಾವುದೆಂದು ಕೇಳಿ ನಕ್ಕರು. ನಗು ಮುಗಿದ ಮೇಲೆ ಬೈಗುಳ ಶುರುವಾಯಿತು. ಲೇಖಕಿಯೇ ಕಳ್ಳ ಹೆಸರುಗಳಲ್ಲಿ ಬೆನ್ನು ತಟ್ಟಿಕೊಂಡಿದ್ದಾಳೆ, ಮೋಸಗಾತಿ ಎಂದರು. ನಾಲ್ಕು ನಕ್ಷತ್ರ ಕೊಟ್ಟವರು ವಾಪಸ್ ತೆಗೆದುಕೊಂಡರು. ಅವನು ಎದ್ದು ಹೋದ ಮೇಲಿನ ಆ ಖಾಲಿ ಕುರ್ಚಿಯ ಅಧ್ಯಾಯವನ್ನು ಬರೆದ ಕೈ ಇದನ್ನೂ ಬರೆಯಿತೇ, ಮೆಚ್ಚಿದ್ದಕ್ಕೆ ನಾಚಿಕೆಯಾಗುತ್ತಿದೆ ಎಂದು ನಿದ್ದೆಗೇಡಿ ಬರೆದದ್ದನ್ನು ಓದಿದ ದಿನ ಅವಳು ಚಹಾ ಮುಟ್ಟಲಿಲ್ಲ. ಪ್ರಕಾಶಕ ಫೋನ್ ಮಾಡಿ, ನಿಮ್ಮಿಂದ ನನ್ನ ಹೆಸರು ಕೆಟ್ಟಿತು, ಎರಡನೇ ಭಾಗದ ಮಾತು ಇಲ್ಲಿಗೆ ಬಿಡಿ ಎಂದು ಇಟ್ಟುಬಿಟ್ಟ.

ಅವಳು ಅಣ್ಣನನ್ನು ಕೇಳಿಕೊಂಡಳು. ಬರೆದವರು ನಾವು, ಅವಳಲ್ಲ ಎಂದು ಒಂದು ಸಾಲು ಹಾಕು ಎಂದಳು. ಒಳ್ಳೆಯದು ಮಾಡಲು ಹೋದವರು ಕಳ್ಳರೆಂದು ಬರೆದುಕೊಡಬೇಕೇ, ನಾಲ್ಕು ದಿನ ಹೋದರೆ ಜನ ಮರೆಯುತ್ತಾರೆ, ಅಷ್ಟಕ್ಕೂ ಅದೇನು ದೊಡ್ಡ ಗ್ರಂಥವೇ ಎಂದನಂತೆ ಅವನು. ಓದದವನ ಬಾಯಲ್ಲಿ ವಿಮರ್ಶೆ!

ಮಾರನೆಯ ದಿನ ಸಾಲು ಕರಗಿದ ಮೇಲೆ ಅವಳು ಮೊಬೈಲ್ ತೆಗೆದಳು. ಯಾವಾಗಿನಂತೆ ಓದಿ ಹೇಳಲಿಲ್ಲ, ಬರೆದು ನನ್ನ ಕೈಗೇ ಕೊಟ್ಟಳು. ತನ್ನ ಪುಸ್ತಕಕ್ಕೆ ತಾನೇ, ತನ್ನ ಹೆಸರಿನಲ್ಲೇ, ಒಂದು ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆದಿದ್ದಳು. ‘ಬಂಗಲೆಯನ್ನು ಹೊಗಳಿದವರೆಲ್ಲ ನನ್ನ ಮನೆಯವರು. ಅವರು ಯಾರೂ ಈ ಪುಸ್ತಕ ಓದಿಲ್ಲ, ನನ್ನನ್ನು ಕೇಳಿಯೂ ಇಲ್ಲ. ಅವರ ಮಾತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬೈದವರ ಮಾತು ಹಾಗೇ ಇರಲಿ, ಅವರು ಓದಿದ್ದಾರೆ.’ ಕಳಿಸಲಾ ಎಂದು ನನ್ನನ್ನು ಕೇಳಿದಳು. ನಾನು ಹೂಂ ಎಂದೆ.

ಅದಾದ ಮೇಲೆ ಎರಡು ದಿನ ಅವಳು ಕೆಲಸಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾನು ಮನೆಗೇ ಹೋದೆ. ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಅಣ್ಣ ಸೋಫಾದ ತುದಿಗೆ ಕೂತಿದ್ದ. ಹರಿದ ಪ್ಲಾಸ್ಟಿಕ್ ಹೊದಿಕೆ ನೆಲದ ಮೇಲೆ, ಪುಸ್ತಕ ಅವನ ಕೈಯಲ್ಲಿ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು, ನಮ್ಮ ಬಗ್ಗೆ ಇನ್ನೇನೇನು ಬರೆದಿದ್ದಾಳೋ ನೋಡುತ್ತಿದ್ದಾರೆ ಎಂದು ನನಗೆ ಕೇಳುವಂತೆ ಗೊಣಗಿದಳು. ಸೂಜಿ ಅಕ್ಕ ಎದುರಿನ ಸ್ಟೂಲಿನಲ್ಲಿ ಕೂತು ಅಣ್ಣನ ಬೆರಳು ಹಾಳೆ ತಿರುವುವುದನ್ನೇ ನೋಡುತ್ತಿದ್ದಳು. ತಪ್ಪು ಹುಡುಕಲಿಕ್ಕಾದರೂ ಓದುತ್ತಿದ್ದಾನಲ್ಲ ಎಂಬ ಆಸೆ ಅವಳ ಮುಖದಲ್ಲಿ ಇನ್ನೂ ಇತ್ತು.

ಅವನು ಪುಸ್ತಕವನ್ನು ತೊಡೆಯ ಮೇಲೆ ಮಗುಚಿ ಹಾಕಿ ತಲೆಯೆತ್ತಿದ.

“ಅವಳು ಕೊಟ್ಟಿದ್ದರಲ್ಲೇ ಅವನು ಬದುಕಿದ್ದ ಅಂತ ಬರೆದಿದ್ದೀಯ. ಈ ಪಿಶಾಚಿ ನಾನೇ ತಾನೆ?”

“ಎಷ್ಟನೇ ಪುಟದಲ್ಲಿದ್ದೀಯಣ್ಣ?”

“ಅರ್ಧ ಆಯ್ತು.”

“ಅರ್ಧ ಓದಿದ್ರೂ ಗೊತ್ತಾಗ್ಲಿಲ್ವಾ?” ಎಂದಳು ಸೂಜಿ ಅಕ್ಕ. ಎದ್ದು ಬಂದು ಅವನ ತೊಡೆಯ ಮೇಲಿಂದ ಪುಸ್ತಕ ತೆಗೆದುಕೊಂಡಳು. “ಅವನು ನೀನಲ್ಲ ಅಣ್ಣ. ಅವನು ಕೇಳಿ ಕುಡೀತಾನೆ.”