ಹಾಲಿನ ಶೆಡ್ಡಿನ ನಿಧಾನಕ್ಕ

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಡೈರಿಯ ಮ್ಯಾನೇಜರಿನಿಂದ ಹಿಡಿದು ಹಿಂಡಿ ಮೂಟೆ ಇಳಿಸಲು ಬರುವ ಲಾರಿಯವನವರೆಗೆ ಎಲ್ಲರಿಗೂ ಅವಳು ನಿಧಾನಕ್ಕ. ಕೆಲಸದಲ್ಲಿ ನಿಧಾನ ಎಂದಲ್ಲ, ನಮ್ಮೆಲ್ಲರಿಗಿಂತ ಮೊದಲು ಅವಳ ಸಾಲಿನ ಹಸುಗಳೇ ಮುಗಿಯುತ್ತಿದ್ದವು. ಆದರೆ ದಿನಕ್ಕೆ ನೂರು ಸಲ "ನಿಧಾನ, ನಿಧಾನ" ಎನ್ನುತ್ತಿದ್ದಳು. ಹಸುವಿಗೆ ಹೇಳಿದಳೋ ನಮಗೆ ಹೇಳಿದಳೋ ಎಂದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಸೇರಿದ ಮೊದಲ ವಾರ ಮರ್ಯಾದೆಗೆ ಎಂದು ನಾನು ಅವಳನ್ನು "ನೀವು" ಎಂದು ಕರೆದೆ. "ನೀವು ಅಂದ್ರೆ ಹಿಂದೆ ಯಾರೋ ಸಾಹೇಬ್ರು ಬಂದು ನಿಂತಿದಾರೆ ಅಂತ ತಿರುಗಿ ನೋಡ್ತೀನಿ. ಅಕ್ಕ ಅನ್ನು, ಸಾಕು," ಎಂದಳು.

ಈಗ ಆ ಶೆಡ್ಡೇ ಇಲ್ಲ. ಹೊಸ ಕಟ್ಟಡದಲ್ಲಿ ಯಂತ್ರವೇ ಕೆಚ್ಚಲಿಗೆ ಕಪ್ ಹಾಕಿ ಯಂತ್ರವೇ ತೆಗೆಯುತ್ತದಂತೆ. ಇರಲಿ, ಒಳ್ಳೆಯದೇ. ಆದರೂ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ನನಗೆ ಇಂದಿಗೂ ಆ ಶೆಡ್ಡು ಬೇಕೆನಿಸುತ್ತದೆ. ತೊಳೆದ ಸಿಮೆಂಟು ನೆಲದ ವಾಸನೆ, ಮಂಡಿಯವರೆಗಿನ ರಬ್ಬರ್ ಬೂಟು, ಗೋಡೆಯಾಚೆ ಗುಂಯ್ ಎನ್ನುವ ಮೋಟಾರು, ಸಾಲಿನ ಆ ತುದಿಯಿಂದ ಈ ತುದಿಗೆ ಸೊಂಟದ ಮೇಲೆ ಕೈಯಿಟ್ಟು ಓಡಾಡುವ ನಿಧಾನಕ್ಕ. ಸಂಬಳ ಕಡಿಮೆಯಿತ್ತು, ಕಾಲು ನೋಯುತ್ತಿತ್ತು, ಆದರೆ ನಾನು ಅಷ್ಟು ನಕ್ಕ ಜಾಗ ಇನ್ನೊಂದಿಲ್ಲ.

ತವರಿನಲ್ಲಿ ನಾನು ಕೈಯಲ್ಲಿ ಹಾಲು ಕರೆದು ಬೆಳೆದವಳು. ಹಿಡಿ, ಹಿಂಡು, ಕೆಳಗೆ ಎಳೆ. ಬೆರಳುಗಳಿಗೆ ಗೊತ್ತಿದ್ದದ್ದು ಅಷ್ಟೇ. ಯಂತ್ರದ ಪಾಠ ಬೇರೆ. ನಾಲ್ಕು ಕಪ್‌ಗಳ ಗೊಂಚಲನ್ನು ಕೆಚ್ಚಲಿಗೆ ಹಾಕಿದರೆ ಮೋಟಾರು ಒಳಗಿನ ಗಾಳಿಯನ್ನು ಹೀರುತ್ತದೆ, ಕಪ್‌ಗಳು ಕಚ್ಚಿಕೊಳ್ಳುತ್ತವೆ. ಹಾಲು ಮುಗಿದ ಮೇಲೆ ಹಾಗೇ ಎಳೆಯಬಾರದು. ಮೊದಲು ಹೀರುವುದನ್ನು ನಿಲ್ಲಿಸಬೇಕು, ಒಳಗೆ ಗಾಳಿ ಹೋಗಬೇಕು, ಹಿಡಿತ ತಾನಾಗಿ ಬಿಡಬೇಕು. ಆಗ ಗೊಂಚಲು ಸುಮ್ಮನೆ ಕೈಗೆ ಬರುತ್ತದೆ. ಎಳೆದರೆ ಹಸುವಿಗೆ ಗಾಯವಾಗುತ್ತದೆ. ನನ್ನದು ಮೊದಲೇ ಅವಸರದ ಬುದ್ಧಿ. ಆ ತಿಂಗಳಿಡೀ ನಿಧಾನಕ್ಕ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದ್ದೇ ನಿಲ್ಲಿಸಿದ್ದು.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ, ಎರಡು ಮಕ್ಕಳು. ಎರಡನೆಯ ಹೆರಿಗೆಯಲ್ಲಿ ರಕ್ತ ಸುರಿದು ಸುರಿದು ಸಾವಿನ ಬಾಯಿಂದ ಎದ್ದು ಬಂದಿದ್ದೆ. ಡಾಕ್ಟರಮ್ಮ ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು, "ಇನ್ನೊಂದು ಬೇಡ. ಇನ್ನೊಂದಾದ್ರೆ ಇವಳು ಉಳೀತಾಳೆ ಅಂತ ನಾನು ಮಾತು ಕೊಡಲ್ಲ," ಎಂದು ಹೇಳಿ ಮತ್ತೆ ಬಸುರಾಗದಂತೆ ನನ್ನ ಗರ್ಭಕೋಶದೊಳಗೆ ಕಾಪರ್-ಟಿ ಹಾಕಿದರು. ಹಾಲಿನ ಟ್ಯಾಂಕರ್ ಓಡಿಸುವ ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನಗಿಂತ ಹೆಚ್ಚು ನಡುಗುತ್ತಿದ್ದ. ಮನೆಯಲ್ಲಿ ಮಾತ್ರ ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಅತ್ತೆಗೆ ಇನ್ನೂ ಒಂದು ಮೊಮ್ಮಗು ಬೇಕಿತ್ತು. ಓರಗಿತ್ತಿಗೆ ಗೊತ್ತಾದರೆ ಅತ್ತೆಗೆ ಗೊತ್ತಾದಂತೆಯೇ ಎಂದು ನಾನು ತಿಳಿದಿದ್ದೆ.

ಕಾಪರ್-ಟಿ ಹಾಕಿಸಿದ ಮೇಲೆ ಮುಟ್ಟು ಜಾಸ್ತಿಯಾಯಿತು. ಆರು ಗಂಟೆ ನಿಂತು, ನೀರಿನಲ್ಲಿ ನೆನೆದು, ಪ್ಯಾಡಿನ ಜೊತೆ ಗುದ್ದಾಡುವ ಸುಖ ಪಟ್ಟವರಿಗೇ ಗೊತ್ತು. ಹೀಗಿರುವಾಗ ಡೈರಿಗೆ ಆರೋಗ್ಯ ತಪಾಸಣೆಗೆಂದು ಬಂದ ನರ್ಸಮ್ಮ ಹೆಂಗಸರಿಗೆಲ್ಲ ಒಂದೊಂದು ಮುಟ್ಟಿನ ಕಪ್ ಕೊಟ್ಟರು. ಮೆತ್ತಗಿನದು, ತಳದಲ್ಲಿ ಪುಟ್ಟ ಬಾಲವಿರುವುದು, ಮಡಚಿ ಒಳಗೆ ಇಟ್ಟುಕೊಂಡು ಕೆಲವು ಗಂಟೆಗೊಮ್ಮೆ ತೆಗೆದು ತೊಳೆಯುವಂಥದು. ಸಾಲಿನಲ್ಲಿ ಒಬ್ಬೊಬ್ಬರನ್ನೂ, "ಕಾಪರ್-ಟಿ ಏನಾದ್ರೂ ಹಾಕಿಸಿಕೊಂಡಿದೀರಾ?" ಎಂದು ಕೇಳುತ್ತಿದ್ದರು. ನನ್ನ ಬೆನ್ನಿಗೆ, ಪ್ಯಾಕಿಂಗ್ ವಿಭಾಗದಲ್ಲಿದ್ದ ಓರಗಿತ್ತಿ ನಿಂತಿದ್ದಳು. "ಇಲ್ಲ ಸಿಸ್ಟರ್," ಎಂದೆ. ಹೀಗಾಗಿ ನನಗೆ ಹೇಳಲೇಬೇಕಿದ್ದ ಮಾತನ್ನು ಅವರು ಹೇಳಲಿಲ್ಲ.

ಎರಡು ತಿಂಗಳು ಸ್ವರ್ಗ. ಮೂರನೆಯ ತಿಂಗಳು ಶೆಡ್ಡಿನ ಹಿಂದಿನ ಪಾಯಿಖಾನೆಯಲ್ಲಿದ್ದಾಗ ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಅವಸರದಲ್ಲಿ ಕಪ್‌ನ ಬಾಲ ಹಿಡಿದು, ತವರಿನಲ್ಲಿ ಹಾಲು ಕರೆದ ಹಾಗೆ, ಒಂದೇ ಸಲಕ್ಕೆ ಕೆಳಗೆ ಎಳೆದೆ. ಹೊಟ್ಟೆಯೊಳಗೆ ಚುಳ್ಳೆಂದಿತು. ಆಮೇಲೆ ನೋಡಿದರೆ ಕಾಪರ್-ಟಿಯಿಂದ ಕೆಳಗೆ ಇಳಿದಿರುವ ದಾರ ಮೊದಲಿಗಿಂತ ಉದ್ದವಾಗಿ ಬೆರಳಿಗೆ ತಾಗಿತು.

ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎರಡು ವಾರ ಬಾಯಿ ಹೊಲಿದುಕೊಂಡಿದ್ದೆ. ಗಂಡನಿಗೂ ಹೇಳಲಿಲ್ಲ, ಅವನನ್ನು ದೂರವೂ ಇಡಲಿಲ್ಲ. ಹೊರಗಡೆ ಮಾತ್ರ ಎಲ್ಲರ ಮೇಲೂ ಎಗರಾಡುತ್ತಿದ್ದೆ. ಒಂದು ಮಧ್ಯಾಹ್ನ ಹೀರುವುದನ್ನು ನಿಲ್ಲಿಸದೆ ಗೊಂಚಲನ್ನು ಕಿತ್ತುಬಿಟ್ಟೆ. ಹಸು ಒದ್ದ ಏಟಿಗೆ ಬಕೀಟು ಗೋಡೆಗೆ ಹೋಗಿ ಬಿತ್ತು.

ನಿಧಾನಕ್ಕ ಗದರಲಿಲ್ಲ. ನನ್ನ ತೋಳು ಹಿಡಿದು ಹಿಂಡಿ ಇಡುವ ಕೋಣೆಗೆ ಕರೆದುಕೊಂಡು ಹೋದಳು.

"ಮನೇಲಿ ಏನಾದ್ರೂ ಜಗಳಾನಾ?"

"ಇಲ್ಲಕ್ಕ."

"ಹಾಗಾದ್ರೆ ಮೈಯಲ್ಲಿ ಏನೋ ಇದೆ. ಹೇಳು. ಹೇಳೋವರೆಗೂ ಇಲ್ಲಿಂದ ಕಳಿಸಲ್ಲ."

ಮೂಟೆಯ ಮೇಲೆ ಕೂತು ಎಲ್ಲವನ್ನೂ ಕಕ್ಕಿದೆ. ಕೇಳುತ್ತ ಕೇಳುತ್ತ ಅವಳ ಮುಖದ ಬಣ್ಣವೇ ಇಳಿಯಿತು. ಅವಳು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ರಜೆ ಹಾಕದವಳು ಆಗಲೇ ಏಪ್ರನ್ ಬಿಚ್ಚಿ, ಮ್ಯಾನೇಜರಿಗೆ "ಹೊಟ್ಟೆನೋವು" ಎಂದಳು. "ಯಾರಿಗೆ?" ಎಂದು ಅವರು ಕೇಳಿದರೆ "ಇಬ್ಬರಿಗೂ" ಎಂದು ಹೇಳಿ ನನ್ನನ್ನು ಎಳೆದುಕೊಂಡು ಹೊರಟಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ ಕೈಗವಸು ಕಳಚುತ್ತ, "ಅರ್ಧ ಕೆಳಗೆ ಜಾರಿತ್ತು, ತೆಗೆದಿದೀನಿ. ಹಾಗಿದ್ದ ಮೇಲೆ ಅದು ಇದ್ರೂ ಒಂದೇ, ಇಲ್ದಿದ್ರೂ ಒಂದೇ," ಎಂದರು.  ಬಸುರಿನ ಪರೀಕ್ಷೆಗೆ ಇನ್ನೂ ಬೇಗ, ಮುಟ್ಟು ಒಂದು ವಾರ ತಡವಾದರೆ ತಕ್ಷಣ ಬರಬೇಕು, ಅಲ್ಲಿಯವರೆಗೆ ಗಂಡ ನಿರೋಧ್ ಬಳಸಲಿ ಎಂದರು. ಸರಿಯಾಗಿ ಮುಟ್ಟು ಬಂದರೆ ಹೊಸ ಕಾಪರ್-ಟಿ ಹಾಕೋಣವೆಂದೂ ಹೇಳಿದರು.

"ಕಪ್ ಬಿಟ್ಟುಬಿಡ್ಲಾ ಮೇಡಂ?"

"ಬಿಡ್ಲೇಬೇಕು ಅಂತೇನಿಲ್ಲ. ಹೊಸದು ಹಾಕಿದ ಮೇಲೆ ಕೆಲವು ವಾರ ಪ್ಯಾಡೇ ಇರಲಿ. ದಾರ ಗಿಡ್ಡಕ್ಕೆ ಕತ್ತರಿಸ್ತೀನಿ. ಒಂದು ಸಲ ಬಂದು ತೋರಿಸು, ಆಮೇಲೆ ಕಪ್. ಅದು ಒಳಗೆ ಕಚ್ಚಿಕೊಂಡಿರತ್ತೆ. ಹಾಗೇ ಎಳೆದ್ರೆ ಕಾಪರ್-ಟೀನೂ ಜೊತೇಲಿ ಬರಬಹುದು, ದಾರ ಬೆರಳಿಗೆ ಸಿಕ್ಕೂ ಬರಬಹುದು. ಬಾಲ ಹಿಡಿದು ಎಳೀಬೇಡ. ತಳ ಹಿಸುಕು, ಗಾಳಿ ಒಳಗೆ ಹೋಗ್ಲಿ, ಹಿಡಿತ ಬಿಡ್ಲಿ, ಆಮೇಲೆ ತೆಗಿ."

ನಿಧಾನಕ್ಕ ಕುರ್ಚಿಯಿಂದಲೇ, "ದಿನಾ ಎರಡು ಹೊತ್ತು ಇದೇ ಪಾಠ ಹೇಳಿಕೊಡ್ತೀನಿ ಮೇಡಂ. ಹಸುಗೆ ಮಾಡ್ತಾಳೆ, ತನಗೆ ಮಾಡ್ಕೊಳಲ್ಲ," ಎಂದಳು.

ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ನನ್ನನ್ನೇ ನೋಡಿ, "ಪ್ರತಿ ಸಲ ಮುಟ್ಟು ಮುಗಿದ ಮೇಲೆ ದಾರ ಮುಟ್ಟಿ ನೋಡು. ಉದ್ದ ಅನ್ನಿಸಿದ್ರೂ, ಸಿಗದಿದ್ರೂ, ಗಟ್ಟಿ ಏನಾದ್ರೂ ತಾಗಿದ್ರೂ ಅವತ್ತೇ ಬಾ. ಎರಡು ವಾರ ಕೂರಬೇಡ," ಎಂದರು.

ದಾರಿಯಲ್ಲಿ ನಿಧಾನಕ್ಕ ನನ್ನಿಂದ ಮಾತು ತೆಗೆದುಕೊಂಡಳು. ಗಂಡನಿಗೆ ಹೇಳಬೇಕು, ಓರಗಿತ್ತಿಗೂ ಹೇಳಬೇಕು. ಓರಗಿತ್ತಿಗೆ ಯಾಕೆಂದು ನಾನು ಮುಖ ಸಿಂಡರಿಸಿದೆ. "ಅವಳ ಹತ್ರಾನೂ ಕಪ್ ಇದೆಯಲ್ಲ," ಎಂದಳು ಅಷ್ಟೇ.

ಗಂಡ ಕೇಳಿ ಊಟ ಬಿಟ್ಟು ಎದ್ದ. ಬೈಯಲಿಲ್ಲ, ಅಂಗಳಕ್ಕೆ ಹೋಗಿ ನಿಂತ. ಮರುದಿನ ಬಟ್ಟೆ ಒಣಹಾಕುವಾಗ ಓರಗಿತ್ತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಒದ್ದೆ ಬೆಡ್‌ಶೀಟು ಹಾಗೇ ಹಿಡಿದು ನಿಂತುಬಿಟ್ಟಳು.

"ನಂಗೂ ಹಾಕಿದಾರೆ ಕಣೇ."

"ಮತ್ತೆ ಸಿಸ್ಟರ್ ಕೇಳಿದಾಗ?"

"ನೀನು ಇಲ್ಲ ಅಂದ್ಯಲ್ಲ. ನಿನ್ನೆದುರಿಗೆ ನಾನು ಹೇಗೆ ಹೌದು ಅನ್ಲಿ?"

ನನಗೆ ನಗು, ನಾಚಿಕೆ, ಸಿಟ್ಟು ಮೂರೂ ಒಟ್ಟಿಗೆ ಬಂದವು. ಒಂದೇ ಒಲೆಯ ಮುಂದೆ ಎಂಟು ವರ್ಷ ಬೇಯಿಸಿದವರು ನಾವು. ಅವತ್ತೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳದು ಪುಣ್ಯಕ್ಕೆ ಸರಿಯಾಗಿತ್ತು. ಮುಂದಿನ ವರ್ಷಗಳಲ್ಲಿ ಶೆಡ್ಡಿಗೆ ಬಂದ ಪ್ರತಿ ಹುಡುಗಿಯನ್ನೂ ನಿಧಾನಕ್ಕ ಹಿಂಡಿ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕಾದದ್ದೆಲ್ಲ ಕೇಳುತ್ತಿದ್ದಳು. ಹುಡುಗಿಯರು ಕೆಂಪಾಗಿ ಹೊರಗೆ ಬರುತ್ತಿದ್ದರು.

ಆದರೆ ನನ್ನ ಆ ತಿಂಗಳು ಮಾತ್ರ ಮುಗಿಯಲೊಲ್ಲದು. ಮುಟ್ಟಾಗಬೇಕಿದ್ದ ದಿನ ಬಂತು, ಹೋಯಿತು. ಮಕ್ಕಳ ತಲೆ ಬಾಚುವಾಗ ಇವರಿಗೆ ಮುಂದೆ ಯಾರು ಬಾಚುತ್ತಾರೋ ಎಂದು ಕಣ್ಣು ತುಂಬುತ್ತಿತ್ತು. ಶೆಡ್ಡಿಗೆ ಕಾಲಿಟ್ಟ ಕೂಡಲೇ ನಿಧಾನಕ್ಕ ನನ್ನ ಮುಖ ನೋಡುವಳು, ನಾನು ಇಲ್ಲವೆಂದು ತಲೆಯಾಡಿಸುವೆ, ಅವಳು ಕೆಲಸಕ್ಕೆ ತಿರುಗುವಳು. ಒಂದು ದಿನ, ಎರಡು, ಮೂರು, ನಾಲ್ಕು.

ಐದನೆಯ ದಿನ ಮಧ್ಯಾಹ್ನ ಹಾಲು ಅರ್ಧ ಕರೆದಿದ್ದಾಗ ಹೊಟ್ಟೆ ಹಿಂಡಿದಂತಾಯಿತು. ಓಡಿ ಹೋಗಿ ನೋಡಿಕೊಂಡು ಬಂದೆ. ಸಾಲಿನ ತುದಿಯಲ್ಲಿದ್ದ ಅವಳ ಹತ್ತಿರ ಹೋಗಿ, "ಬಂತಕ್ಕ," ಎಂದೆ.

ಅವಳು ಒಂದೊಂದೇ ಹಸುವಿನ ಬಳಿ ಹೋಗಿ ಹಿಡಿತ ಬಿಡಿಸಿದಳು, ಗೊಂಚಲನ್ನು ಕೊಕ್ಕೆಗೆ ಸಿಕ್ಕಿಸಿದಳು. ಎಂಟು ಹಸುವಿಗೂ ಹಾಗೇ ಮಾಡಿ, ಗೋಡೆಯಾಚೆ ಹೋಗಿ ಮೋಟಾರು ನಿಲ್ಲಿಸಿದಳು. ಕೆಲಸದ ನಡುವೆ ಆ ಮೋಟಾರು ನಿಂತದ್ದನ್ನು ನಾವ್ಯಾರೂ ಕೇಳಿರಲಿಲ್ಲ. ವಾಪಸ್ಸು ಬಂದು, ಬಕೀಟು ಬೋರಲು ಹಾಕಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

"ಅಕ್ಕಾ, ಬಂತು ಅಂದೆ. ಯಾಕೆ ಅಳ್ತೀಯ?"

"ನನ್ನ ತಂಗಿಗೆ ಬರ್ಲಿಲ್ಲ ಕಣೇ. ಹೆರಿಗೇಲಿ ಹೋಗ್ಬಿಟ್ಲು. ಅವಳಿಗೂ ಡಾಕ್ಟರು ಇನ್ನೊಂದು ಬೇಡ ಅಂದಿದ್ರು. ಒಳಗಿದ್ದ ಕಾಪರ್-ಟಿ ಯಾವಾಗ ಬಿದ್ದು ಹೋಯ್ತೋ. ಅವಳಿಗೆ ಅನುಮಾನ ಇತ್ತು, ನನಗೂ ಇತ್ತು. ಒಂದೇ ಚಾಪೆ ಮೇಲೆ ಮಲಗ್ತಿದ್ವಿ. ಅವಳು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

 ಒದ್ದೆ ನೆಲದ ಮೇಲೆ ಅವಳ ಕಾಲ ಬಳಿ ಕೂತು ನಾನೂ ಅತ್ತೆ.