ಅಪ್ಪ ಕುರಿಗಳ ಕಿವಿ ಕತ್ತರಿಸಿದ್ದು

ಮಧುಗಿರಿಯಿಂದ ಬಂದು ಅಪ್ಪನ ಕುರಿರೊಪ್ಪದ ಬಾಗಿಲಲ್ಲಿ ನಿಂತೆ. ಕುರಿಗಳ ಕಿವಿಯಲ್ಲೆಲ್ಲ ರಕ್ತ. ಅಪ್ಪ ಕತ್ತರಿ ಹಿಡಿದು, ಅರಿಶಿನದ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ಕೆಮ್ಮುತ್ತ ಕೂತಿದ್ದ. ನಮ್ಮಲ್ಲಿ ಒಂದೊಂದು ಮನೆಯ ಕುರಿಗೆ ಒಂದೊಂದು ಕಿವಿಗುರುತು. ನಮ್ಮದು ಎಡಗಿವಿಗೆ ಒಂದು ಕಚ್ಚು, ಚಿಕ್ಕಪ್ಪನದು ಎರಡೂ ಕಿವಿಗೆ. ಅಪ್ಪ ಬಲಗಿವಿಗೂ ಕಚ್ಚು ಹಾಕಿ, ಇಡೀ ಮಂದೆಯನ್ನು ಚಿಕ್ಕಪ್ಪನದಾಗಿ ಮಾಡಿಬಿಟ್ಟಿದ್ದ!

"ಏನ್ ಮಾಡ್ಬುಟ್ಟೆ ಅಪ್ಪಯ್ಯಾ? ತಲೆಗಿಲೆ ಕೆಟ್ಟೈತಾ ನಿಂಗೆ?" ಎಂದು ಕೂಗಾಡಿದೆ.

"ನೆಳ್ಳು ಅಂಗೇ ಐತಂತಲ್ಲವ್ವಾ. ಸಾಯೋನಿಗ್ಯಾಕೆ ಕುರಿ?" ಎಂದ.

ಹಿಂದಿನ ದಿನ ತುಮಕೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದ್ದು ಎರಡು ಮಾತು. ಇಷ್ಟೆಲ್ಲ ಕೀಮೋ ಆದರೂ ಶ್ವಾಸಕೋಶದಲ್ಲಿ ನೆರಳು ಹಾಗೇ ಇದೆ. ಆದರೆ ಅದು ಜೀವಂತ ಗಡ್ಡೆಯೋ, ಗಡ್ಡೆ ಸತ್ತು ಉಳಿದ ಕಲೆಯೋ ಸ್ಕ್ಯಾನಿನಲ್ಲಿ ಗೊತ್ತಾಗುವುದಿಲ್ಲ, ಬ್ರಾಂಕೋಸ್ಕೋಪಿ ಮಾಡಿ ಒಳಗೇ ನೋಡಬೇಕು. ಅಪ್ಪ ಮೊದಲನೆಯದನ್ನಷ್ಟೇ ಕಿವಿಗೆ ಹಾಕಿಕೊಂಡು ಊರಿಗೆ ಬರಲು ಬರಗೂರಿನ ಬಸ್ಸು ಹತ್ತಿದ್ದ.

ಬರಲ್ಲ ಎಂದವನನ್ನು ಬೈದು ಬೈದು ಕರೆದೊಯ್ದೆ. ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿದರು. ಕಾಯಿಲೆ ಗೊತ್ತಾದ ಹೊಸದರಲ್ಲಿ ಇದೇ ಪರೀಕ್ಷೆಯ ಚಿತ್ರ ನೋಡಿದ್ದೆ. ಹೂಕೋಸಿನಂಥ ಗಡ್ಡೆ ಉಸಿರಿನ ದಾರಿಯನ್ನೇ ಮುಚ್ಚಿತ್ತು. ಈ ಸಲ ದಾರಿ ತೆರೆದಿತ್ತು. ಗೋಡೆಯ ಮೇಲೊಂದು ಬಿಳಿ ಕಲೆ, ಅಷ್ಟೆ. "ಇದು ಬೇರೆ ಯಾರದೋ ಇರಬೇಕು, ಸರಿಯಾಗಿ ನೋಡಿ" ಎಂದು ಡಾಕ್ಟರಮ್ಮನ ಮೇಲೂ ರೇಗಿದೆ. ಅವರು ನಕ್ಕರು. ಆಮೇಲೆ ಅಲ್ಲಿಂದ ತೆಗೆದ ಚೂರಿನ ವರದಿಯೂ ಬಂತು. ಜೀವಂತ ಕ್ಯಾನ್ಸರ್ ಕಣ ಸಿಕ್ಕಿರಲಿಲ್ಲ. ಔಷಧಿ ಕೆಲಸ ಮಾಡಿದೆ, ಆದರೂ ಆಗಾಗ ಬಂದು ತೋರಿಸಬೇಕು ಎಂದರು. ಅಯ್ಯೋ ದೇವರೇ, ಆ ವರದಿಯನ್ನು ಅಪ್ಪನಿಗೆ ಎರಡೆರಡು ಸಲ ಓದಿ ಹೇಳಿದೆ.

ಊರಿಗೆ ಬಂದರೆ ಚಿಕ್ಕಪ್ಪ ಮಂದೆ ಹೊಡೆದುಕೊಂಡು ಎದುರಿಗೇ ಸಿಕ್ಕ. ವಿಷಯ ಕೇಳಿ ಅತ್ತೇಬಿಟ್ಟ. "ತಗಾ ಅಣ್ಣಯ್ಯಾ, ನಿನ್ ಕುರಿ ನೀನೇ ಇಟ್ಕಾ" ಎಂದ.

"ಕಿವಿ ಕತ್ರಿಸಿ ಕೊಟ್ಟಿದ್ನ ವಾಪಸ್ ಇಸ್ಕಂತಾರೇನ್ಲಾ?" ಎಂದು ಅಪ್ಪ ತಲೆಯಾಡಿಸಿದ.

ಮಂದೆ ಮುಂದೆ ಹೋಯಿತು. ಕಿವಿಯ ಗಾಯಗಳು ಆಗಲೇ ಒಣಗಿದ್ದವು. ಅಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದ.

"ಸಾಯಾಕೆ ಎಲ್ಲಾ ಸರಿ ಮಾಡ್ಕಂಡಿದ್ದೆ ಕಣವ್ವಾ. ಇನ್ನ ಬದುಕೋದಾದ್ರೆ, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗ್ ಹೋಗ್ಲಿ?"